ಹುಬ್ಳಿ ಅಂತ ಬರದಿದ್ದ ಎರಡು ರೆಕಾರ್ಡು

ಹೋದ ವರ್ಷ ಶ್ರಾವಣದಾಗ ಮೂರು ಮಂದಿ ಹುಡುಗ್ರು, ಒಬ್ಬಾಕಿ ಹುಡುಗಿ ಸೇರಿ ಒಂದು ಕರೀ ಡಬ್ಬಿ ಹೊತ್ಗೊಂಡು ನಮ್ಮ ಅಂಗಡಿಗೆ ಬಂದ್ರು. ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನ್ಯಾಗ ನಂದು ಮೋಟರ್ ರಿವೈಂಡಿಂಗ್ ಅಂಗಡಿ. ಬೋರಿನ ಮೋಟರು, ಗಿರಣಿ ಮೋಟರು, ಸುಟ್ಟ ಮಿಕ್ಸರು, ಇಷ್ಟ ನನ್ನ ಲೋಕ. ಇದೇನ್ರೋ ಅಂದೆ. "ಗಿಟಾರಿನ ಆಂಪ್ಲಿಫೈಯರ್ ರೀ ಕಾಕಾ, ನಮ್ದೊಂದು ಬ್ಯಾಂಡ್ ಐತಿ" ಅಂದ್ರು. "ಯಾರ ಲಗ್ನ?" ಅಂತ ಕೇಳಿದೆ.

ನಗಬ್ಯಾಡ್ರಿ. ನಮ್ಮೂರಾಗ ಬ್ಯಾಂಡ್ ಅಂದ್ರ ಕೆಂಪು ಕೋಟು ಹಾಕ್ಕೊಂಡು, ಕ್ಲಾರಿಯೋನೆಟ್ ಊದ್ಕೋತ, ಮದುಮಗನ ಕುದರಿ ಮುಂದ ಹೋಗು ಬ್ಯಾಂಡ್ ಕಂಪನಿ. ಬ್ಯಾರೆ ಬ್ಯಾಂಡ್ ನನಗೇನ್ ಗೊತ್ತು?

ಆ ಡಬ್ಬಿ ಅಮೆರಿಕಾದಾಗಿರೋ ಯಾರದೋ ಮಾವ ಕೊಟ್ಟಿದ್ದು. ಅಲ್ಲಿ ಮನಿ ಕರೆಂಟು 120 ವೋಲ್ಟು, ನಮ್ಮಲ್ಲಿ 230. ಸೀದಾ ಪ್ಲಗ್ಗಿಗೆ ಹಾಕ್ಯಾರ, ಫ್ಯೂಸ್ ಹಾರೇತಿ. ಅಷ್ಟಕ್ಕ ಬಿಟ್ಟಾರೇನು? ಫ್ಯೂಸಿನ ಜಾಗಾದಾಗ ತಂತಿ ಸುತ್ತಿ ಮತ್ತ ಹಾಕ್ಯಾರ. ಹೋಳಗಿ ಹೆಂಚಿನ ಮ್ಯಾಲ ಕರಕಾದ ವಾಸನಿ ಬರ್ತಿತ್ತು. ಬಿಚ್ಚಿ ಎಣಿಸಿದೆ. ಟ್ರಾನ್ಸ್‌ಫಾರ್ಮರಿನ ಪ್ರೈಮರಿ (ಕರೆಂಟು ಒಳಗ ಬರೂ ಕಡೀ ಸುರುಳಿ) 480 ಸುತ್ತು, ಅಂದ್ರ ವೋಲ್ಟಿಗೆ ನಾಕು. ನಮ್ಮ 230ಕ್ಕ 920 ಸುತ್ತು ಬೇಕು. ಆಂಪಿಯರ್ ಅರ್ಧಕ್ಕ ಇಳಿತೈತಿ ನೋಡ್ರಿ, ಸಣ್ಣ ತಂತಿ ನಡೀತೈತಿ, ಅದ ಜಾಗಾದಾಗ ಕುಂಡ್ರತೈತಿ. ಎರಡು ದಿನದ ಕೆಲಸ, 900 ರೂಪಾಯಿ ಅಂದೆ. 500 ಕೊಟ್ರು. ಉಳದಿದ್ದಕ್ಕ ಒಂದು ಕ್ಯಾಸೆಟ್ ಕೊಟ್ಟು ಹೋದ್ರು.

ಹೌದ್ರಿ, ಕ್ಯಾಸೆಟ್. ಫೋನಿನ್ಯಾಗ ಜಗತ್ತಿನ ಹಾಡೆಲ್ಲಾ ಪುಕ್ಕಟ ಸಿಗೂ ಕಾಲದಾಗ.

ಅದರ ಕವರು ದಪ್ಪನ್ನ ಕೆಂಪು ಕಾಗದ. ಮ್ಯಾಲ ಸ್ಕ್ರೀನ್ ಪ್ರಿಂಟಿನ ಕರೀ ಅಕ್ಷರದಾಗ ಬ್ಯಾಂಡಿನ ಹೆಸರು (ಇಲ್ಲಿ ಹಾಕೂದಿಲ್ಲ, ಇಬ್ಬರ ಮನ್ಯಾಗ ಇನ್ನೂ ಗೊತ್ತಿಲ್ಲ), ಕೆಳಗ "ಹುಬ್ಳಿ" ಅಂತ. ಮಡಚಿದ್ದು ಬಿಚ್ಚಿದ್ರ ಒಳಗ ಬಂಗಾರ ಬಣ್ಣದ ಗಣಪತಿ, ಶ್ರೀ ಗಣೇಶಾಯ ನಮಃ, ವಧು-ವರರ ಹೆಸರಿನ ಜಾಗಾ ಖಾಲಿ. ಲಗ್ನಪತ್ರಿಕಿ ಪ್ರೆಸ್ಸಿನ್ಯಾಗ ಉಳದ ಕಾರ್ಡು ತೂಕದ ಮ್ಯಾಲ ತಂದಿದ್ರಂತ. ಕ್ಯಾಸೆಟ್ಟೂ ಹೊಸಾದಲ್ಲ. ಗುಜರಿಯಿಂದ ಹಳೇ ಭಜನಿ, ನಾಟಕದ ಕ್ಯಾಸೆಟ್ ತಂದು, ಮುರದ ಕಿಂಡಿಗೆ ಸೆಲ್ಲೋ ಟೇಪ್ ಹಚ್ಚಿ ಅದರ ಮ್ಯಾಲ ರೆಕಾರ್ಡ್ ಮಾಡ್ಯಾರ. ನನ್ನ ವಯಸ್ಸಿನವ್ರಿಗೆ ನೆನಪಿದ್ದೀತು, ಆ ಕಿಂಡಿ ಮುಚ್ಚದಿದ್ರ ರೆಕಾರ್ಡ್ ಬಟನ್ ಒತ್ತಾಕ ಬರೂದಿಲ್ಲ. ಹಿಂಗ 40 ಕ್ಯಾಸೆಟ್, ಒಂದೊಂದ ಕುಂತು ತುಂಬ್ಯಾರ.

ಅಂಗಡ್ಯಾಗಿನ ಹಳೇ ಟೂ-ಇನ್-ಒನ್‌ನ್ಯಾಗ ಹಾಕಿದೆ. ಖರೇ ಹೇಳ್ತೀನಿ, ಮೊದಲನೇ ಹಾಡಿಗೆ ಬಂದ್ ಮಾಡೂಹಂಗಾತು. ಇಂಗ್ಲಿಷ್ ಹಾಡು, ಅದೂ ಇವರು ಕಣ್ಣಿಲೆ ನೋಡದ ಯಾವುದೋ ಊರಿನ ನೆಲದಡಿ ರೈಲಿನ ಸಬ್‌ವೇ ಬಗ್ಗೆ. ಉಣಕಲ್ ಕೆರಿ ದಂಡಿ ಮ್ಯಾಲ ಬೆಳದಾವಂಗ ಸಬ್‌ವೇದ ಸಂಕಟ ಎಲ್ಲಿಂದ ಬಂತು? ಎರಡನೇದೂ ಹಂಗ, ಮೂರನೇದೂ ಹಂಗ. ಗಿಟಾರಿನ ಒಂದು ತಂತಿ ಇಳದಿತ್ತು, ಯಾರೂ ಲಕ್ಷ್ಯ ಕೊಟ್ಟಿದ್ದಿಲ್ಲ. ಐದನೇದು ಬಂತು ನೋಡ್ರಿ. ಕನ್ನಡದಾಗ. ನಮ್ಮ ಕನ್ನಡದಾಗ. ನಳದ ನೀರಿನ ಬಗ್ಗೆ. ವಾರಗಟ್ಟಲೆ ನೀರು ಬರದ, ಒಂದಿನ ನಡುರಾತ್ರಿ ಬಂದಾಗ ಇಡೀ ಓಣಿ ಎದ್ದು ಕೊಡ ಹಿಡಕೊಂಡು ಓಡೂದು. "ಬಂತು ಬಂತು ಬಂತು" ಅಂತ ಮೂರು ದನಿ ಒದರ್ತಾವ, ಆ ಹುಡುಗಿ ಡ್ರಮ್ಮು ಖಾಲಿ ಕೊಡಾ ಬಡದಂಗ ಬಡೀತಾಳ, ಒಂದು ನಿಮಿಷ ನಲವತ್ತು ಸೆಕೆಂಡಿಗೆ ಹಾಡು ಖಲಾಸ್, ನೀರು ನಿಂತಂಗ. ನಾ ಕೈಯಾಗಿನ ಕೈಂಚಿ ಕೆಳಗಿಟ್ಟೆ. ಹತ್ತು ವರ್ಷದ ನನ್ನ ನಿದ್ದಿಗೇಡಿನ ಸಿಟ್ಟು ಯಾರೋ ಇಪ್ಪತ್ತರ ಹುಡುಗ ನನ್ನಕಿಂತ ಛಲೋ ಹೇಳಿದ್ದ.

ಆರು ಹಾಡು ಮುಗಿದಿದ್ದು ಹನ್ನೊಂದು ನಿಮಿಷಕ್ಕ. ಆಮ್ಯಾಲ ಖರ್ ಅಂತ ಸಪ್ಪಳಾಗಿ ಹಳೇ ಕ್ಯಾಸೆಟ್ಟಿನ ಉಳಕಿ ಶುರುವಾತು. ನಂದರಾಗ ಯಾರೋ ಮುದುಕ ಏಕತಾರಿ ಹಿಡಕೊಂಡು ಶರೀಫಜ್ಜನ ತತ್ವಪದ ಹಾಡತಿದ್ದ, ಅದೂ ಅರ್ಧದಿಂದ. ಬಾಜೂ ಲೇಥ್ ಅಂಗಡಿ ಗೆಳೆಯನೂ ಒಂದು ಕೊಂಡಿದ್ದ, ಅವನದರಾಗ ನಾಟಕ ಕಂಪನಿ ಖಳನಾಯಕ ಗಹಗಹಿಸಿ ನಗತಾನ. ಎರಡು ಕ್ಯಾಸೆಟ್ ಒಂದ ನಮೂನಿ ಇಲ್ಲ.

ಅವತ್ತ ರಾತ್ರಿ ಅಟ್ಟದ ಮ್ಯಾಲಿಂದ ನಮ್ಮ ದೊಡ್ಡ ಕಾಕಾನ ಗ್ರಾಮೋಫೋನ್ ತಟ್ಟಿ ಪೆಟಗಿ ಇಳಿಸಿದೆ. ಅರಗಿನ ತಟ್ಟಿ, 78 ಸ್ಪೀಡಿನವು. ಕೈ ಜಾರಿದ್ರ ಹಪ್ಪಳ. ಅದರಾಗ ಒಂದರ ಮ್ಯಾಲ ಗಾಂಧಾರಿ ಅಂತ ಹೆಸರು, ಜೋಡಿಗೆ ಹುಬ್ಳಿ ಅಂತ ಊರು. ಗಾಂಧಾರಿ ಅಂದ್ರ ಬ್ಯಾರೆ ಯಾರೂ ಅಲ್ಲ, ಗಂಗೂಬಾಯಿ ಹಾನಗಲ್. ಶುರೂದಾಗ ಎಚ್‌ಎಂವಿ ರೆಕಾರ್ಡ್ ಕಂಪನಿಯವರು ಅವರ ತಟ್ಟಿ ಹಿಂಗ ಗಾಂಧಾರಿ ಅನ್ನೋ ಹೆಸರಿಲೇ ತಗದಿದ್ರು. 1930ರ ದಶಕದ ಮಾತು. ಆ ತಟ್ಟಿಯಾಗಿನ ದನಿ ಸಣ್ಣದು, ಚೂಪನ್ನದು. ಮುಂದ ಗಂಟಲಿನ ತ್ರಾಸ ಆಗಿ ದನಿ ದಪ್ಪಾತು, ಗಂಡಸರ ದನಿ ಅಂತ ಮಂದಿ ಆಡಿಕೊಂಡ್ರು, ಅವರು ಅದ ದನೀಲೆ ಜಗತ್ತು ಗೆದ್ರು. ಒಡದ ದನಿ ಮುಚ್ಚಿಡಲಾರದ ಅದನ್ನ ಮುಂದ ಮಾಡಿ ಹಾಡೂದು ಯಾವ ಪಂಕಿನವನ (ಈ ಹುಡುಗ್ರ ಒರಟು, ಗಿಡ್ಡ, ಜೋರು ಹಾಡಿನ ನಮೂನಿಗೆ ಪಂಕ್ ಅಂತಾರ) ಎದಿಗಿಂತ ಕಮ್ಮಿ?

ಇನ್ನೊಂದು ಗಮನಿಸ್ರಿ. ಆ ತಟ್ಟಿ ಒಂದು ಮಗ್ಗಲಿಗೆ ಮೂರು, ಭಾಳ ಅಂದ್ರ ಮೂರೂವರಿ ನಿಮಿಷ. ತಾಸುಗಟ್ಟಲೆ ರಾಗ ಹಿಗ್ಗಿಸೂ ಮಂದಿ ಮೂರು ನಿಮಿಷದಾಗ ಎಲ್ಲಾ ಹೇಳಿ ಮುಗಿಸಬೇಕಿತ್ತು. ಆಲಾಪ ಎಲ್ಲಿ, ಸಾವಕಾಶ ಎಲ್ಲಿ? ಸೀದಾ ಬಂದೀಶ್ (ಹಾಡಿನ ಸಾಲು), ನಾಕು ತಾನ್ (ಸ್ವರದ ಜೋರು ಓಟ), ಮುಗೀತು. ನಮ್ಮ ಹುಡುಗ್ರು ಒಂದು ನಿಮಿಷ ನಲವತ್ತು ಸೆಕೆಂಡಿನ ಹಾಡು ಮಾಡಿದ್ರ "ಇದೇನ್ ಹಾಡೋ, ಶುರುವಾಗಿ ಮುಗೀತಲ್ಲ" ಅಂತೀವಿ.

ಗದಗ ಸೀಮಿಯ ಭೀಮಸೇನ ಜೋಶಿ ಸಣ್ಣಾವ ಇದ್ದಾಗ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿಯ ಒಂದು ತಟ್ಟಿ ಕೇಳಿ ಮರುಳಾದ, 1933ರಾಗ, ಹನ್ನೊಂದನೇ ವಯಸ್ಸಿಗೆ, ಗುರು ಹುಡಕ್ಕೋತ ಮನಿ ಬಿಟ್ಟು ಹೋದ. ಈ ಕತಿ ನಮ್ಮೂರಿನ ಪ್ರತಿ ಸಂಗೀತ ಸಭಾದಾಗ, ಹಾರ-ಶಾಲು ಹಾಕೂ ಮೊದಲ ಯಾರರೆ ಒಬ್ರು ಹೇಳೇ ಹೇಳ್ತಾರ. ಅದ ಹಿರಿಯರ ಮನ್ಯಾಗ ಅವರ ಮೊಮ್ಮಗ ಒಂದು ತಟ್ಟಿ ಕೇಳಿ ಕಾಲೇಜ್ ಬಿಡ್ತೀನಿ ಅನ್ಲಿ, ನೋಡೂಣು.

ಟ್ರಾನ್ಸ್‌ಫಾರ್ಮರ್ ಸುತ್ತೂ ಎರಡು ದಿನ ಆ ಹುಡುಗ್ರೊಳಗ ಬೇಸ್ ಗಿಟಾರ್ ಬಾರ್ಸಾವ ನನ್ನ ಬಾಜೂ ಸ್ಟೂಲಿನ ಮ್ಯಾಲ ಕುಂತು ಪಾಠ ಮಾಡಿದ್ದ. ನ್ಯೂಯಾರ್ಕಿನ ರಮೋನ್ಸ್ ಅನ್ನಾವ್ರು 1976ರಾಗ ಮೊದಲನೇ ರೆಕಾರ್ಡ್ ತಗದ್ರಂತ, 14 ಹಾಡು, ಅರ್ಧ ತಾಸಿನೊಳಗ. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್‌ನವ್ರು 500 ಪೌಂಡ್ ಕೈಗಡ ತಗೊಂಡು 1977ರ ಜನವರಿಯಾಗ ತಾವ ರೆಕಾರ್ಡ್ ಹೊರಗ ತಂದ್ರಂತ, ಮೊದಲಿಗೆ 1000 ಪ್ರತಿ, ಯಾವ ಕಂಪನಿ ಬಾಗಲಾನೂ ಬಡೀಲಿಲ್ಲ. ವಾಷಿಂಗ್ಟನ್ನಿನ ಡಿಸ್ಕಾರ್ಡ್ ಅನ್ನೋ ಹುಡುಗ್ರ ಕಂಪನಿ 1980ರಾಗ ಶುರುವಾತು, ಕವರು ತಾವ ಕತ್ತರಿಸಿ, ಮಡಚಿ, ಅಂಟು ಹಚ್ಚಿ ಮಾರಿದ್ರು. ನಾ ಆಗ ಆ ಗಣಪತಿ ಕಾರ್ಡು ಮತ್ತೊಮ್ಮೆ ತಿರುವಿ ನೋಡಿದೆ. ಸುಮ್ನ ಚೆಂದಕ್ಕ ಮಾಡಿದ್ದಲ್ಲ ಅದು, ಇವರಿಗೆ ಪರಂಪರಾ ಐತಿ, ನಮಗ ಗೊತ್ತಿದ್ದಿಲ್ಲ ಅಷ್ಟ. ಘರಾಣಾ ಅಂದ್ರೂ ನಡದೀತು.

ಇನ್ನ ಲೈವ್ ಶೋದ ಮಾತು. ದಸರಾ ಆದ ಮ್ಯಾಲ ಆಡಬೇಕು ಅಂತ ಹುಡುಗ್ರು ಒಂದು ಹಾಲ್ ಕೇಳಾಕ ಹೋದ್ರು. ಯಾವ ಸಂಗೀತ ಅಂದ್ರು. ಪಂಕ್ ಅಂದ್ರು ಇವರು. ಪಂಖಾ, ಅಂದ್ರ ಫ್ಯಾನ್ ಅಂತ ತಿಳಕೊಂಡ್ರೋ ಏನೋ, ಮೊದಲ ಹ್ಞೂಂ ಅಂದು, ಯೂಟ್ಯೂಬ್ ನೋಡಿ ಮರುದಿನ ಫೋನ್ ಹಚ್ಚಿ "ಇಲ್ಲಿ ಸಂಸ್ಕೃತಿ ಕಾರ್ಯಕ್ರಮಕ್ಕಷ್ಟ ಕೊಡ್ತೇವಿ" ಅಂದ್ರು. ಅದ ಹಾಲಿನ್ಯಾಗ ಮುಂದಿನ ವಾರ ಕುಕ್ಕರ್ ಮಾರೂ ಕಂಪನಿ ಲಕ್ಕಿ ಡ್ರಾ ಇತ್ತು. ಇರ್ಲಿ.

ಕಡೀಕ ಲೇಥ್ ಗೆಳೆಯನ ಶೆಡ್ಡಿನ್ಯಾಗ ರವಿವಾರ ಸಂಜೀಕ ಅಂತ ಆತು. ಮಷೀನಿಗೆ ತಾಡಪತ್ರಿ ಮುಚ್ಚಿ, ಕಬ್ಬಿಣದ ಚೂರು ಕಸಬರಗಿಲೆ ಬಳದು, ಎಣ್ಣಿ ಕಲಿ ಮ್ಯಾಲ ಕಟಗಿ ಹೊಟ್ಟು ಚೆಲ್ಲಿದ್ವಿ. ಮೈಕ್ ಟೆಸ್ಟ್ ಮಾಡೂಮುಂದ ಹಾಡೂ ಹುಡುಗ "ಅಯ್ಯಯ್ಯೋ" ಅಂತ ಹಿಂದ ಸರದ. ತುಟಿಗೆ ಕರೆಂಟ್ ಹೊಡದಿತ್ತು. ಕೈ ಗಿಟಾರಿನ ತಂತಿ ಮ್ಯಾಲ, ತುಟಿ ಮೈಕಿಗೆ. ಎರಡೂ ಬ್ಯಾರೆ ಬ್ಯಾರೆ ಬೋರ್ಡಿನಿಂದ, ಒಂದಕ್ಕ ಅರ್ಥಿಂಗ್ ಇಲ್ಲ. ಮೀಟರ್ ಹಿಡದೆ, ನಡುವ 70 ವೋಲ್ಟ್. ಹಾಡು ಕೇಳಾಕ ಬಂದಾವ ನಾ, ಪ್ಯಾಂಟ್ ಮಡಚಿ ಹೊಸ ಅರ್ಥ್ ತಂತಿ ಎಳದು ಎಲ್ಲಾ ಒಂದ ಬೋರ್ಡಿಗೆ ತಂದೆ. ಬ್ಯಾಂಡ್ ಮಾಡೂ ಎಲ್ಲಾ ಹುಡುಗ್ರಿಗೂ ಕಾಕಾನ ಮಾತು: ಟ್ಯೂನರ್ ಆಮ್ಯಾಲ ತಗೋರಿ, ಮೊದಲ ಟೆಸ್ಟರ್ ತಗೋರಿ.

ಅಷ್ಟಾದ್ರೂ ಡಬ್ಬಿಯಿಂದ ಝುಂ ಅಂತ ಒಂದು ಸಪ್ಪಳ ಉಳೀತು. 50 ಹರ್ಟ್ಸಿನ ಕರೆಂಟಿನ ಗುಂಗು, ಪೂರ್ತಿ ಹೋಗೂದಲ್ಲ. ಡ್ರಮ್ಮಿನ ಹುಡುಗಿ ಗದಗಿನಾಕಿ, ಸಣ್ಣಾಕಿ ಇದ್ದಾಗ ತಬಲಾ ಕಲತಾಕಿ (ಅವರವ್ವ ಓಣ್ಯಾಗ ಇನ್ನೂ ತಬಲಾ ಕ್ಲಾಸಿಗೆ ಹೋಗ್ತಾಳ ಅಂತನ ಹೇಳ್ತಾಳಂತ). "ಬಿಡ್ರಿ ಕಾಕಾ, ಅದ ನಮ್ಮ ತಂಬೂರಿ" ಅಂದ್ಲು.

ಬಂದಿದ್ದು 37 ಮಂದಿ. ಟಿಕೆಟ್ 100 ರೂಪಾಯಿ, ಗಿರ್ಮಿಟ್ಟಿನ ಗಾಡಿಯಾವ ಬಾಗಲದಾಗ ನಿಂತಿದ್ದ, ಅವನಿಗೆ ಬ್ಯಾಂಡಿಗಿಂತ ಹೆಚ್ಚು ಗಳಿಕಿ ಆತು. ಧಾರವಾಡದಿಂದ ಇನ್ನೊಂದು ಬ್ಯಾಂಡ್ ಬಂದಿತ್ತು, ಇಬ್ಬರ ಜೋಡಿ, ಮೆತ್ತಗಿನ ಇಂಡಿ (ಕಂಪನಿ ಹಂಗಿಲ್ಲದ ಸ್ವಂತ) ಹಾಡು. ಒಬ್ಬಾವ ಕಣ್ಣು ಮುಚ್ಚಿ ಹಾಡತಿದ್ದ, ಮಳಿ ಬಗ್ಗೆ. ನನಗ ರುಚಿಸಲಿಲ್ಲ. ಧಾರವಾಡದ ಮಳಿ ಬಗ್ಗೆ ಬೇಂದ್ರೆ ಅಜ್ಜ ಬರದ ಮ್ಯಾಲೂ ಬರೀಬೇಕಂದ್ರ ಸ್ವಲ್ಪ ನೋಡಿ ಬರೀಬೇಕು. ಆದ್ರ ನನ್ನ ಮಗಳು ಅವರ ಸಿಡಿ ಕೊಂಡ್ಲು, ಈಗ ಮನ್ಯಾಗ ಅದ ನಡದೈತಿ. ಹಂಗೂ ಇರ್ಬೇಕು.

ನಳದ ಹಾಡು ಬಂದಾಗ ಶೆಡ್ಡಿನ ತಗಡು ನಡಗಿತು. ಮುಂದ ನಿಂತಾವ್ರಿಗೆ ಹಾಡಾವನ ಉಗಳು ಸಿಡೀತಿತ್ತು, ಅಷ್ಟು ಹತ್ರ. ನನಗ ಕುಂದಗೋಳ ನೆನಪಾತು. ನಾಡಗೀರ ವಾಡೇದಾಗ ಗಂಗೂಬಾಯಿ, ಭೀಮಸೇನರ ಗುರು ಸವಾಯಿ ಗಂಧರ್ವರ ನೆನಪಿನ ಉತ್ಸವಕ್ಕ ಅಪ್ಪ ನನ್ನ ಕರಕೊಂಡು ಹೋಗತಿದ್ದ. ನೆಲದ ಮ್ಯಾಲ ಜಮಖಾನಿ, ಹಾಡಾವ್ರ ಮೊಣಕಾಲಿಗೆ ನಮ್ಮ ಮೊಣಕಾಲು ತಾಗೂವಷ್ಟು ಹತ್ರ. ತಪ್ಪಿದ್ದು ಕೇಳಸ್ತಿತ್ತು, ಕೆಮ್ಮಿದ್ದು ಕೇಳಸ್ತಿತ್ತು, ತಾನ್ ಮ್ಯಾಲ ಏರಿದಾಗ ಕೊರಳಿನ ನರ ಉಬ್ಬೂದು ಕಾಣಸ್ತಿತ್ತು. ಸ್ಟೇಡಿಯಮ್ಮಿನ ದೊಡ್ಡ ಪರದೆ ಮ್ಯಾಲ ಅದು ಸಿಗೂದಿಲ್ಲ, ಫೋನಿನ್ಯಾಗಂತೂ ಇಲ್ಲೇ ಇಲ್ಲ. ಹತ್ರ ಕುಂತು ಹಾಡೂ, ಕೇಳೂ ಬೈಠಕ್ ಅಂದ್ರ ಇದ ಅಲ್ಲೇನು? ಇವರು ನಿಂತು ಮಾಡ್ತಾರ, ಅಷ್ಟ ಫರಕು.

"ಗದ್ಲ ಭಾಳ" ಅಂತ ನಮ್ಮ ಪೈಕಿ ಒಬ್ರು ಎದ್ದು ಹೋದ್ರು. ಅವರ ಓಣಿ ಗಣಪತಿ ಕಳಸೂಮುಂದ ಡಿಜೆ ಹಚ್ಚಿದ್ರ ಕಪಾಟಿನ್ಯಾಗಿನ ಗ್ಲಾಸು ಒಡೀತಾವ, ಆ ಕಮಿಟಿಗೆ ಅವರ ಖಜಾಂಚಿ. ಗದ್ಲಕ್ಕ ನಾವು ತಕರಾರು ಮಾಡೂದಿಲ್ಲ ಬಿಡ್ರಿ. ಪರಿಚಯ ಇಲ್ಲದ ಗದ್ಲಕ್ಕ ಮಾಡ್ತೇವಿ. ರೆಸಾರ್ಟಿನ್ಯಾಗ ಸಿನಿಮಾ ಹಾಡು ಬಾರಿಸಿದ್ರ ಇದ ಹುಡುಗ್ರಿಗೆ ರೊಕ್ಕ, ಊಟ, ಹೋಗಿಬರೂ ಗಾಡಿ. ಸ್ವಂತ ಹಾಡು ಅಂದ್ರ "ಒಂದೆರಡು ಪುಕ್ಕಟ ಹಾಡ್ರಿ, ಪ್ರಚಾರ ಆಗ್ತೈತಿ." ಪ್ರಚಾರದಿಂದ ತಾಮ್ರದ ತಂತಿ ಬರೂದಿಲ್ಲರೀ, ನಾ ಅಂಗಡಿಕಾರ, ನನಗ ಗೊತ್ತೈತಿ.

ಬೆಂಗಳೂರಿನ ರಘು ದೀಕ್ಷಿತ್ 2008ರ ಆಲ್ಬಮ್ಮಿನ್ಯಾಗ ಶರೀಫಜ್ಜನ ಪದ ಗಿಟಾರಿಗೆ ಹಾಡಿದಾಗ ನಾವೆಲ್ಲಾ ಎದಿ ಉಬ್ಬಿಸಿಕೊಂಡ್ವಿ, ನಮ್ಮ ಶಿಶುನಾಳ, ನಮ್ಮ ಹಾವೇರಿ ಜಿಲ್ಲಾ ಅಂತ. ಛಲೋನ ಆತು. ಆದ್ರ ನಮ್ಮ ಮಾತು ಬೆಂಗಳೂರಿಗೆ ಹೋಗಿ ತಿರುಗಿ ಬಂದ ಮ್ಯಾಲ ಅದರ ರುಚಿ ಹಚ್ಚಿಕೊಳ್ಳೂದು ನಮ್ಮ ಹಳೇ ಚಟ. ಗೋಕುಲ ರೋಡಿನ್ಯಾಗ ಹುಟ್ಟಿದ ಹಾಡು ಗೋಕುಲ ರೋಡಿನ್ಯಾಗ ಕೇಳಾಕ ಏನ್ ತ್ರಾಸ?

ಟಿಕೆಟ್ಟಿನ ಲೆಕ್ಕಾನೂ ಕೇಳ್ರಿ. 3700 ಬಂತು. ಜನರೇಟರಿನ ಡೀಸೆಲ್ಲು, ಬಾಡಿಗಿ ಮೈಕು, ಧಾರವಾಡದವ್ರ ಬಸ್ ಚಾರ್ಜು ಹೋಗಿ ನಾಕು ಮಂದಿಗೆ ತಲಾ 110 ಉಳೀತು. ಅದರಾಗಿಂದ ನನ್ನ ಬಾಕಿ 400 ಕೊಡಾಕ ಬಂದ್ರು. ಕ್ಯಾಸೆಟ್ ಕೊಟ್ಟೀರೆಲ್ಲೋ, ಲೆಕ್ಕ ಚುಕ್ತಾ ಅಂದೆ.

ಮೊನ್ನೆ ಬುಧವಾರ ಮತ್ತ ಬಂದ್ರು, ಡಬ್ಬಿ ಹೊತ್ಗೊಂಡು. ಈ ಶನಿವಾರ ಗದಗಿನ್ಯಾಗ ಶೋ ಐತಂತ, ಹುಡುಗಿ ಮಾವನ ಗೋದಾಮಿನ್ಯಾಗ. ಅದ ಕರಕಾದ ಹೋಳಗಿ ವಾಸನಿ. ಫ್ಯೂಸ್ ಹಾಕಿದ್ರೇನ್ರೋ ಅಂದೆ. ಹಾಕೇವ್ರಿ ಕಾಕಾ ಅಂದ್ರು, ಒಬ್ಬರ ಮುಖ ಒಬ್ಬರು ನೋಡ್ಕೋತ. ಹಿಂದಿನ ಮುಚ್ಚಳ ಬಿಚ್ಚಿದೆ. ಫ್ಯೂಸಿನ ಜಾಗಾದಾಗ ಚಾಕಲೇಟಿನ ಬೆಳ್ಳಿ ಕಾಗದ ಸುರಳಿ ಸುತ್ತಿ ತುರುಕ್ಯಾರ.

ಮತ್ತ 920 ಸುತ್ತು. ಇವತ್ತ ಶುಕ್ರವಾರ, 600ಕ್ಕ ಬಂದೀನಿ.