ಬಂತಾ?

ನಿನ್ನೆ ಮಧ್ಯಾಹ್ನದಿಂದ ಕೈ ತೊಳೆದದ್ದು ಇದು ಹನ್ನೊಂದನೇ ಸಲ. ಪಾತ್ರೆ ಸೋಪು, ಸೀಗೆಪುಡಿ, ಒಲೆ ಬೂದಿ, ಹಿಂಡಿ ಬಿಸಾಕಿದ ನಿಂಬೆಸಿಪ್ಪೆ ಎಲ್ಲ ಮುಗಿಯಿತು. ಬೆಳಿಗ್ಗೆ ದೋಸೆ ಮುರಿದು ಬಾಯಿಗಿಟ್ಟರೆ ಚಟ್ನಿಗಿಂತ ಮೊದಲು ಡೀಸೆಲ್ಲೇ ನಾಲಿಗೆಗೆ ಹತ್ತುತ್ತದೆ. "ದುಡ್ಡು ಕೊಟ್ಟು ತಂದದ್ದಲ್ವಾ, ಸುಮ್ನೆ ತಿನ್ನಿ" ಅಂತ ಹೆಂಡತಿ ಇನ್ನೊಂದು ದೋಸೆ ಬಡಿಸಿ ಹೋದಳು.

ಶುರುವಾದದ್ದು ಆಗುಂಬೆ ಘಾಟಿಯಲ್ಲಿ. ಹೋದ ವಾರ ಹೆಬ್ರಿ ಕಡೆಯಿಂದ ತೆಂಗಿನಕಾಯಿ ಹೇರಿಕೊಂಡು ಬರುವಾಗ 7ನೇ ತಿರುವಿನಲ್ಲಿ ನಮ್ಮ ಪಿಕಪ್ಪಿಗೆ ದಮ್ಮು ಹತ್ತಿತು. 14 ತಿರುವಿನ ಘಾಟಿಯಲ್ಲಿ 7ನೆಯದು ಅಂದರೆ ವಾಪಸು ಇಳಿಯುವುದೂ ಅಷ್ಟೇ, ಹತ್ತುವುದೂ ಅಷ್ಟೇ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಇಂಜಿನ್ನು ಹೂಂಗುಡುತ್ತದೆಯೇ ಹೊರತು ಎಳೆಯುವುದಿಲ್ಲ. ಹಿಂದೆ ನಿಂತ ಬಸ್ಸಿನವನ ಹಾರನ್ನಿಗೆ ಸೋಮೇಶ್ವರದ ಮಂಗಗಳೆಲ್ಲ ಕಟ್ಟೆಯ ಮೇಲೆ ಬಂದು ಕೂತು ನಮ್ಮನ್ನೇ ನೋಡಿದವು.

ಪೇಟೆಯ ಮೆಕ್ಯಾನಿಕ್ ಫೋನಿನಲ್ಲೇ ರೋಗ ಹೇಳಿದ. "ಡೀಸೆಲ್ ಫಿಲ್ಟರ್ ಕಟ್ಟಿದೆ. ನೀರೂ ಸೇರಿರ್ಬೇಕು. ನಾಳೆ ಬರ್ತೀನಿ." ಹಿಂದೆ ಹಳ್ಳಿಗಳಲ್ಲಿ ದೆವ್ವ ಒಳಗೆ ಬಾರದಿರಲಿ ಅಂತ ಬಾಗಿಲಿಗೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ನಮ್ಮ ಮನೆ ಬಾಗಿಲಲ್ಲೂ ಅವನಿಗೊಬ್ಬನಿಗೇ ಅದು ಕಾಣುತ್ತಿರಬೇಕು. ನಾಲ್ಕು ನಾಳೆ ಕಳೆದವು.

ನೀರಿನ ವಿಷಯದಲ್ಲಿ ಮಾತ್ರ ತಪ್ಪು ನನ್ನದೇ. ಟ್ಯಾಂಕು ಅರ್ಧ ಖಾಲಿ ಇದ್ದರೆ ಮಳೆಗಾಲದಲ್ಲಿ ಒಳಗಿನ ತೇವದ ಗಾಳಿ ಬೆವರಿ ನೀರಾಗುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳ ಸೇರಿ ಅಲ್ಲಿಂದ ಫಿಲ್ಟರಿಗೆ ಬರುತ್ತದೆ. ವರ್ಷಕ್ಕೆ 7,000 ಮಿ.ಮೀ. ಮಳೆ ಸುರಿಯುವ ಆಗುಂಬೆಯ ಬಗಲಲ್ಲಿದ್ದುಕೊಂಡು ಪ್ರತಿ ಸಲ 500 ರೂಪಾಯಿಗಷ್ಟೇ ಡೀಸೆಲ್ ಹಾಕಿಸುವವನಿಗೆ ಇನ್ನೇನಾಗುತ್ತದೆ?

ಸರಿ, ಹೊಸ ಫಿಲ್ಟರ್ ನಾನೇ ಹಾಕುತ್ತೇನೆ ಅಂದೆ. ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಅದರಲ್ಲಿದ್ದವನು ಬಿಳಿ ಬನಿಯನ್ ಹಾಕಿಕೊಂಡಿದ್ದ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. "ಈಗ ಇದನ್ನು ಬಿಚ್ಚೋಣ" ಅಂದ. ಮರುಕ್ಷಣ ಬಿಚ್ಚಿದ ಫಿಲ್ಟರ್ ಅವನ ಕೈಯಲ್ಲಿತ್ತು. ನಡುವೆ ಏನಾಯಿತು ಎಂಬುದನ್ನು ಕತ್ತರಿಸಿ ಹಾಕಿದ್ದಾನೆ, ಪುಣ್ಯಾತ್ಮ. ನನ್ನ ಇಡೀ ಬೆಳಗು ಹೋದದ್ದು ಆ ಕತ್ತರಿಸಿದ ಜಾಗದಲ್ಲೇ.

ಬಾನೆಟ್ ಎತ್ತಿದ ಸದ್ದಿಗೆ ಪಕ್ಕದ ಮನೆಯಿಂದ ದೊಡ್ಡಪ್ಪ ಪ್ಲಾಸ್ಟಿಕ್ ಕುರ್ಚಿ ಹಿಡಿದು ಬಂದರು. ಎಂಬತ್ತು ದಾಟಿದ ಜೀವ. ಬಾಯಲ್ಲಿ ಕವಳ. ನೆರಳು ನೋಡಿ ಕುರ್ಚಿ ಹಾಕಿ, ಕಾಲ ಮೇಲೆ ಕಾಲು ಹಾಕಿ ಕೂತು ಕೇಳಿದರು.

"ಬಂತಾ?"

ನಾನಿನ್ನೂ ಸ್ಪ್ಯಾನರ್ ಹುಡುಕುತ್ತಿದ್ದೆ.

ಇದು ದೊಡ್ಡಪ್ಪನ ಚಾಳಿ. ಗಾಳ ನೀರಿಗೆ ಬೀಳುವ ಮೊದಲೇ "ಬಂತಾ?" ಕರೆಂಟು ಹೋದ ಎರಡೇ ನಿಮಿಷಕ್ಕೆ ಬೇಲಿಯಾಚೆಯಿಂದ "ಬಂತಾ?" ನಮ್ಮ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಸಂಜೆಯೇ, ಫಲಿತಾಂಶ ಕೇಳಿ, "ಬಂತಾ?" ಉತ್ತರ ಏನೇ ಹೇಳಿ, ಒಂದು ಸಲ ಕವಳ ಉಗಿದು ಬಂದು ಮತ್ತೆ ಅದೇ ಪ್ರಶ್ನೆ.

ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಬಾಟಲಿಗೆ ಬಿಟ್ಟೆ. ಕೆಳಗೆ ಎರಡು ಬೆರಳು ನೀರು, ಮೇಲೆ ಡೀಸೆಲ್. "ಬಂತಾ?" ಬಂತು. ಆಮೇಲೆ ಫಿಲ್ಟರ್ ತಿರುಗಿಸಿದೆ, ಜಪ್ಪಯ್ಯ ಅನ್ನಲಿಲ್ಲ. "ಬಂತಾ?" ಇಲ್ಲ. ಹಳೇ ಸೈಕಲ್ ಟ್ಯೂಬ್ ಸುತ್ತಿ ಎಳೆದೆ. ಟ್ಯೂಬ್ ಹರಿದು ನಾನು ಹಿಂದಿನ ಸೌದೆರಾಶಿಗೆ ಆತು ನಿಂತೆ. "ಬಂತಾ?" ಕೊನೆಗೆ ಸಿಟ್ಟು ಬಂತು, ಫಿಲ್ಟರಿಗೆ ಅಡ್ಡಲಾಗಿ ಉದ್ದದ ಸ್ಕ್ರೂಡ್ರೈವರ್ ಹೊಡೆದು ಅದನ್ನೇ ಹಿಡಿಕೆ ಮಾಡಿ ತಿರುಗಿಸಿದೆ. ಫಿಲ್ಟರ್ ಬಂತು. ಅದರಲ್ಲಿ ಉಳಿದಿದ್ದ ಡೀಸೆಲ್ಲೂ ಮೊಣಕೈ ಮೇಲಿಂದ ಇಳಿದು ಪಂಚೆಗೆ ಬಂತು.

ಹೊಸದರ ರಬ್ಬರ್ ರಿಂಗಿಗೆ ಚೂರು ಡೀಸೆಲ್ ಸವರಿ, ಕೈಯಲ್ಲೇ ತಿರುಗಿಸಿ ಬಿಗಿ ಮಾಡಿದೆ. ಇನ್ನು ಉಳಿದದ್ದು ಏರ್ ತೆಗೆಯುವುದು. ಡೀಸೆಲ್ ಇಂಜಿನ್ನಿಗೆ ಪೈಪಿನಲ್ಲಿ ಗಾಳಿ ಸೇರಿದರೆ ಆಗಿಬರುವುದಿಲ್ಲ, ಸ್ಟಾರ್ಟೇ ಆಗದು. ಮೇಲಿನ ಸ್ಕ್ರೂ ಸ್ವಲ್ಪ ಸಡಿಲಿಸಿ, ಪಕ್ಕದ ಕೈಪಂಪು ಒತ್ತುತ್ತಾ ಹೋಗಬೇಕು. ಮೊದಲು ಗುಳ್ಳೆ ಬರುತ್ತದೆ, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಸ್ಕ್ರೂ ಬಿಗಿಯಬೇಕು. ಒತ್ತಿದೆ. ಹತ್ತು, ಇಪ್ಪತ್ತು, ಐವತ್ತು. ಹೆಬ್ಬೆರಳು ಸೆಟೆದುಕೊಂಡಿತು.

"ಬಂತಾ?"

"ಬಂದಿಲ್ಲ ದೊಡ್ಡಪ್ಪಾ!"

"ಒತ್ತು ಮಾರಾಯಾ, ಬರ್ತದೆ."

ಅರವತ್ತು. ಎಪ್ಪತ್ತು.

"ಬಂತಾ?"

ಬಂತು. ಸ್ಕ್ರೂ ಇದ್ದ ಕಡೆ ಬಿಟ್ಟು ಮಿಕ್ಕೆಲ್ಲ ಕಡೆಯಿಂದ ಬಂತು. ಫಿಲ್ಟರಿನ ಸುತ್ತಲೂ ಚಿಲ್ಲನೆ ಚಿಮ್ಮಿ ಕನ್ನಡಕ, ಮೀಸೆ, ಅಂಗಿ ಯಾವುದನ್ನೂ ಬಿಡಲಿಲ್ಲ. ಬಾಯಿ ತೆರೆದು "ಬಂತು" ಅನ್ನಲು ಹೋದದ್ದೇ ತಪ್ಪಾಯಿತು.

ದೊಡ್ಡಪ್ಪ ನಿಧಾನಕ್ಕೆ ಎದ್ದು ಬಂದರು. ಹೊಸ ಫಿಲ್ಟರ್ ಬಿಚ್ಚಿಸಿ, ಮೇಲಿನ ಕಬ್ಬಿಣಕ್ಕೆ ಬೆರಳು ಆಡಿಸಿ, ಉಗುರಿನಿಂದ ಏನನ್ನೋ ಕಿತ್ತರು. ಹಳೇ ಫಿಲ್ಟರಿನ ರಬ್ಬರ್ ರಿಂಗು! ಅದು ಅಲ್ಲೇ ಅಂಟಿಕೊಂಡು ಕೂತಿತ್ತು, ನಾನು ಅದರ ಮೇಲೇ ಹೊಸದನ್ನು ಕೂರಿಸಿದ್ದೆ. ಒಂದರ ಮೇಲೊಂದು ಎರಡು ರಿಂಗು, ಕೂತೀತಾದರೂ ಹೇಗೆ? ಬಿಳಿ ಬನಿಯನ್ನಿನವನು ಇದನ್ನೂ ಹೇಳಿರಲಿಲ್ಲ.

"ನಿಮಗೆ ಹೇಗೆ ಗೊತ್ತಾಯ್ತು?" ಅಂದೆ.

"ಹೊಳೆ ಪಕ್ಕ ನಮ್ಮದೂ ಒಂದಿತ್ತಲ್ಲ" ಅಂದರು. ಇತ್ತು, ಐದು ಎಚ್‌ಪಿಯ ಡೀಸೆಲ್ ಪಂಪ್‌ಸೆಟ್. ತೋಟಕ್ಕೆ ಕರೆಂಟು ಬರುವ ಮೊದಲಿನ ಮಾತು. ದೊಡ್ಡಪ್ಪ ಕೆಳಗೆ ಹೊಳೆಯಂಚಿನಲ್ಲಿ ಹ್ಯಾಂಡಲ್ ತಿರುಗಿಸಿ ಅದನ್ನು ಎಬ್ಬಿಸುವುದು, ದೊಡ್ಡಮ್ಮ ಮೇಲೆ ತೋಟದ ತುದಿಯಲ್ಲಿ ಪೈಪಿನ ಬಾಯಿಗೆ ಕೈಯೊಡ್ಡಿ ನಿಲ್ಲುವುದು. ನಡುವೆ ಅಡಿಕೆಮರಗಳು, ಒಬ್ಬರಿಗೊಬ್ಬರು ಕಾಣುವುದಿಲ್ಲ. ಕೆಳಗಿನಿಂದ "ಬಂತಾ?" ಅನ್ನುತ್ತಿದ್ದರು, ಮೇಲಿನಿಂದ "ಬಂತೂ!" ಅನ್ನುವ ಕೂಗು ಇಡೀ ಕೇರಿಗೆ ಕೇಳುತ್ತಿತ್ತು. ಶಾಲೆಗೆ ಹೊರಟ ನಾವು ಹುಡುಗರು ಅದನ್ನು ಅಣಕಿಸುತ್ತಾ ಹೋಗುತ್ತಿದ್ದೆವು. ದೊಡ್ಡಮ್ಮ ಹೋಗಿ ಆರು ವರ್ಷ. ಪಂಪ್‌ಸೆಟ್ಟು ಈಗಲೂ ಹಲಸಿನಮರದ ಬುಡದಲ್ಲಿ ತುಕ್ಕು ಹಿಡಿಯುತ್ತಿದೆ, ಗುಜರಿಯವನಿಗೆ ಕೊಡಲು ಬಿಟ್ಟಿಲ್ಲ.

ಮತ್ತೆ ಒತ್ತಿದೆ. ಗುಳ್ಳೆ, ಗುಳ್ಳೆ, ಆಮೇಲೆ ಬರೀ ಡೀಸೆಲ್.

"ಬಂತಾ?"

"ಬಂತೂ!" ಅಂತ ಕೂಗಿದೆ. ಅಷ್ಟು ಜೋರಾಗಿ ಕೂಗುವ ಅಗತ್ಯವಿರಲಿಲ್ಲ, ಅವರು ಮೂರು ಅಡಿ ದೂರದಲ್ಲೇ ಇದ್ದರು. ಗಾಡಿ ನಾಲ್ಕನೇ ಸೆಲ್ಫಿಗೆ ಕೆಮ್ಮಿ ಸ್ಟಾರ್ಟ್ ಆಯಿತು. ದೊಡ್ಡಪ್ಪ ಹಳೇ ರಿಂಗನ್ನು ಒರೆಸಿ ಜೇಬಿಗೆ ಹಾಕಿಕೊಂಡು, ಬಚ್ಚಲ ನಲ್ಲಿಗೆ ಆದೀತು ಅನ್ನುತ್ತಾ ಕುರ್ಚಿ ಎತ್ತಿಕೊಂಡು ಹೋದರು. ಪಂಚೆಯನ್ನು ಹೆಂಡತಿ ಕೋಲಿನ ತುದಿಯಲ್ಲಿ ಎತ್ತಿ ಕೊಟ್ಟಿಗೆಯಾಚೆ ನೇತುಹಾಕಿದ್ದಾಳೆ. ಆ ದಾರಿಯಲ್ಲಿ ದನವೂ ಹೋಗುತ್ತಿಲ್ಲ.

ಮೆಕ್ಯಾನಿಕ್ ಸಂಜೆ ಬಂದಿದ್ದ. ಬಾನೆಟ್ ಎತ್ತಿ ನೋಡಿ, "ಇಷ್ಟಕ್ಕೆಲ್ಲ ನನ್ನನ್ನು ಯಾಕೆ ಕರೆದಿರಿ?" ಅಂದು ಚಾ ಕುಡಿದು ಹೋದ.

ಈಗ ಕೈ ಒರೆಸಿಕೊಳ್ಳುತ್ತಿರುವಾಗ ಬೇಲಿಯಾಚೆಯಿಂದ ದೊಡ್ಡಪ್ಪನ ದನಿ. ಇವತ್ತು ಪ್ರಶ್ನೆ ಮಾತ್ರ ಬೇರೆ.

"ವಾಸನೆ ಹೋಯ್ತಾ?"