ಹದ್ದಿನ ಫೋಟೊಗೆ ಅವಾರ್ಡ್ ಆಯ್ತು, ಮೀನು ಎಸೆದವನಿಗೆ ಯಾವಾಗ?

ಬಂತಪ್ಪಾ, ಮತ್ತೆ ಅದೇ ಫೋಟೊ. ಹದ್ದು ನೀರಿಂದ ಮೇಲೇಳ್ತಿದೆ, ಉಗುರಲ್ಲಿ ಮೀನು, ಕೆಳಗೆ ಒಂದು ಮಾರುದ್ದ ಬರಹ, ಅದರಲ್ಲಿ ತಾಳ್ಮೆ, ತಪಸ್ಸು, ಪ್ರಕೃತಿ ಮಾತೆ ಎಲ್ಲಾ ಇದೆ, ಮೀನು ಎಸೆದವನ ಹೆಸರೊಂದು ಬಿಟ್ಟು.

ಕೀನ್ಯಾದ ನೈವಾಶಾ ಸರೋವರದಲ್ಲಿ ಬೋಟಿನವನು ಸಿಳ್ಳೆ ಹೊಡೆದು ಸತ್ತ ಮೀನು ಎಸೀತಾನೆ, ಮರದ ಮೇಲಿರೋ ಫಿಶ್ ಈಗಲ್ ಕರೆಕ್ಟಾಗಿ ಡ್ಯೂಟಿಗೆ ಹಾಜರ್. ಮೀನು ಮುಳುಗಬಾರದು ಅಂತ ಅದರೊಳಗೆ ಜೊಂಡಿನ ತುಂಡು ಬೇರೆ ತುರುಕಿರ್ತಾರೆ. ನಾರ್ವೆಯಲ್ಲಿ ಬಿಳಿಬಾಲದ ಹದ್ದಿಗೂ ಬೋಟಿಂದಲೇ ಸಪ್ಲೈ. ಬಿಸಿಲು ಎಲ್ಲಿಂದ, ಗಾಳಿ ಯಾವ ಕಡೆ, ಹಕ್ಕಿ ಮುಖ ಯಾವ ಕಡೆ ತಿರುಗಬೇಕು ಎಲ್ಲಾ ಲೆಕ್ಕ ಹಾಕಿ ಎಸೆಯೋ ಆ ಪುಣ್ಯಾತ್ಮ ಡೈರೆಕ್ಟರ್ ಅಲ್ವಾ? ನಮ್ಮ ಕಲಾವಿದರ ಕೆಲಸ ಬಟನ್ ಒತ್ತಿ ಹಿಡ್ಕೊಂಡಿರೋದು, ಸೆಕೆಂಡಿಗೆ 20 ಫ್ರೇಮ್, ಫೋಕಸ್ಸನ್ನ ಹಕ್ಕಿ ಕಣ್ಣಿಗೆ ಕ್ಯಾಮೆರಾನೇ ಕೂರಿಸತ್ತೆ, ಆಮೇಲೆ ‘ಆ ಒಂದು ಕ್ಷಣಕ್ಕಾಗಿ ಕಾದೆ’ ಅಂತ ಬರೆಯೋದು. ‘ಎಸೆದ ಮೀನು’ ಅಂತ ಎರಡೇ ಪದ ಸೇರಿಸ್ರಪ್ಪಾ, ಲೈಕ್ ಏನೂ ಕಮ್ಮಿ ಆಗಲ್ಲ. ಸರಿ, ಆಗತ್ತೆ, ಅದಕ್ಕೇ ಸೇರಿಸಲ್ಲ.

ನಂಗೆ ಪಾಪ ಅನ್ಸೋದು ಆಸ್ಪ್ರೇ ಅನ್ನೋ ಮೀನು ಹಿಡಿಯೋ ಹಕ್ಕಿ ನೋಡಿದ್ರೆ. ಜಾರೋ ಮೀನು ಹಿಡಿಯೋಕೆ ಹಿಂದಕ್ಕೆ ತಿರುಗೋ ಹೊರಬೆರಳು, ಪಾದದಡಿ ಮುಳ್ಳು, ನೀರಿಗೆ ಧುಮುಕುವಾಗ ಮುಚ್ಚಿಕೊಳ್ಳೋ ಮೂಗಿನ ಹೊಳ್ಳೆ, ಮೇಲೆದ್ದ ಮೇಲೆ ಗಾಳಿ ತಡೀಬಾರದು ಅಂತ ಮೀನಿನ ತಲೆ ಮುಂದಕ್ಕೆ ತಿರುಗಿಸಿಕೊಳ್ಳತ್ತೆ, ಇಷ್ಟೆಲ್ಲಾ ಸರ್ಕಸ್ ಮಾಡಿ ಹೊರಟರೆ ಬಾಲ್ಡ್ ಈಗಲ್, ಅಂದ್ರೆ ಅಮೆರಿಕದ ಬಿಳಿತಲೆ ಹದ್ದು, ಬಂದು ಕಿತ್ಕೊಂಡು ಹೋಗತ್ತೆ. ಅಮೆರಿಕ ದೇಶ ಕಟ್ಟಿದವರಲ್ಲಿ ಒಬ್ಬನಾದ ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲೇ ಮಗಳಿಗೆ ಕಾಗದ ಬರೆದು, ಈ ಬಾಲ್ಡ್ ಈಗಲ್ ನಡತೆ ಸರಿಯಿಲ್ಲ, ಪ್ರಾಮಾಣಿಕವಾಗಿ ದುಡಿದು ತಿನ್ನಲ್ಲ ಅಂತ ದೂರು ಹೇಳಿದ್ದ. ಅಮೆರಿಕದವರು ಬಹಳ ಯೋಚನೆ ಮಾಡಿ 2024ರ ಡಿಸೆಂಬರಲ್ಲಿ ಅದನ್ನೇ ಅಧಿಕೃತವಾಗಿ ರಾಷ್ಟ್ರಪಕ್ಷಿ ಮಾಡಿದ್ರು. ದುಡಿಯೋನು ಒಬ್ಬ, ಬಿರುದು ಇನ್ನೊಬ್ಬನಿಗೆ, ಬೋಟಿನವನೂ ಇದನ್ನ ಓದಿ ಸಮಾಧಾನ ಮಾಡ್ಕೊಳ್ಳಲಿ.

ಮೀನು ಎಸೆಯೋ ತನಕ ನಗಬಹುದು ಬಿಡಿ. ಫೋಟೊಗೆ ಅಂತ ಗೂಡಿನ ಹತ್ರ ಹೋಗೋರನ್ನ ನೋಡಿದ್ರೆ ನಗು ಬರಲ್ಲ. ಒಂದು ಕಾಲದಲ್ಲಿ ಡಿಡಿಟಿ ಅನ್ನೋ ಕೀಟನಾಶಕ ಮೀನಿನ ಮೂಲಕ ಆಸ್ಪ್ರೇ, ಬಾಲ್ಡ್ ಈಗಲ್‌ಗಳ ಹೊಟ್ಟೆ ಸೇರಿ ಮೊಟ್ಟೆ ಚಿಪ್ಪು ತೆಳ್ಳಗಾಗಿ, ಕಾವಿಗೆ ಕೂತ ತಾಯಿ ಭಾರಕ್ಕೇ ಒಡೀತಿತ್ತು. 1972ರಲ್ಲಿ ಅಮೆರಿಕ ಅದನ್ನ ನಿಷೇಧ ಮಾಡಿದ ಮೇಲೆ ಈ ಹಕ್ಕಿಗಳು ಅಲ್ಲಿ ನಿಧಾನಕ್ಕೆ ಚೇತರಿಸಿಕೊಂಡ್ವು. ಈಗ ಗೂಡಿನ ನೆತ್ತಿ ಮೇಲೇ ಡ್ರೋನು. ತಾಯಿ ಎದ್ದು ಹೋದ್ರೆ ಮೊಟ್ಟೆ ತಣ್ಣಗಾಗತ್ತೆ, ಮರಿ ಬಿಸಿಲಲ್ಲಿ ಬೇಯತ್ತೆ, ಕಾಗೆ ಕಾಯ್ತಾ ಇರತ್ತೆ. ಇದನ್ನ ಎಷ್ಟು ಸಲ ಹೇಳೋದು, ಯಾರಿಗೆ ಹೇಳೋದು. ಹೇಳಿದ್ರೆ ‘ನಾವು ಪ್ರಕೃತಿ ಪ್ರೇಮಿಗಳು’ ಅಂತ ನಮಗೇ ಪಾಠ ಮಾಡ್ತಾರೆ, ತಾಯಿ ರೆಕ್ಕೆ ಬಿಚ್ಚಿ ಗೂಡು ಬಿಟ್ಟಿದ್ದಕ್ಕೆ ‘ವಾವ್, ಎಂಥಾ ಫ್ಲೈಟ್ ಶಾಟ್’ ಅಂತ ಕಾಮೆಂಟು ಬೇರೆ. ಅದು ಹೆದರಿ ಓಡಿದ್ದು ಕಣ್ರೀ.