ಅಯುತ್ಥಾಯಕ್ಕೆ ಹೋಗಿ ಸ್ಯಾಂಡ್‌ವಿಚ್ ತಿಂದು ಬಂದೆವು

ನಿನ್ನೆ ಏಳನೆಯ ತರಗತಿಯ ಮಕ್ಕಳ ಜೊತೆ ಥಾಯ್ಲೆಂಡಿನ ಹಳೆಯ ರಾಜಧಾನಿ ಅಯುತ್ಥಾಯಕ್ಕೆ ಹೋಗಿ ಬಂದೆ. ಬಂದಾಗಿನಿಂದ ಸಿಟ್ಟು ಇಳಿದಿಲ್ಲ. ಬಸ್ಸು ಕೆಡಲಿಲ್ಲ, ಮಕ್ಕಳು ಗಲಾಟೆ ಮಾಡಲಿಲ್ಲ, ಯಾರೂ ಕಳೆದುಹೋಗಲಿಲ್ಲ, ಬಿಸಿಲೂ ಸಹಿಸುವಷ್ಟೇ ಇತ್ತು. ಸಿಟ್ಟಿಗೆ ಕಾರಣ ಒಂದು ರಟ್ಟಿನ ಡಬ್ಬಿ. ಅದರೊಳಗೆ ತ್ರಿಕೋನವಾಗಿ ಕತ್ತರಿಸಿದ ಬಿಳಿ ಬ್ರೆಡ್ಡಿನ ಸ್ಯಾಂಡ್‌ವಿಚ್, ಒಂದು ಪೊಟ್ಟಣ ಚಿಪ್ಸ್, ಚಾಕೊಲೇಟ್ ಬಿಸ್ಕತ್ತು, ಸ್ಟ್ರಾ ಅಂಟಿಸಿದ ಹಣ್ಣಿನ ರಸದ ಪುಟ್ಟ ಪೆಟ್ಟಿಗೆ. ನಾಲ್ಕು ಶತಮಾನ ರಾಜಧಾನಿಯಾಗಿ ಮೆರೆದ, ಮೂರು ನದಿಗಳು ಸುತ್ತುವರಿದ, ಬೀದಿಬೀದಿಯಲ್ಲಿ ಏನಾದರೊಂದು ಬೇಯುತ್ತಲೋ ಹುರಿಯುತ್ತಲೋ ಇರುವ ಊರಿನಲ್ಲಿ ಮಧ್ಯಾಹ್ನದ ಊಟಕ್ಕೆ ನಮ್ಮ ಶಾಲೆ ಮಕ್ಕಳ ಕೈಗೆ ಕೊಟ್ಟದ್ದು ಇದನ್ನು.

ನಾನು ಗಣಿತದ ಮೇಷ್ಟ್ರೆಂಬುದು ನಿಮಗೆಲ್ಲ ಗೊತ್ತಿರುವ ವಿಷಯ. ಇತಿಹಾಸ ವಿಭಾಗದವರು ನನ್ನನ್ನು ಪ್ರವಾಸಕ್ಕೆ ಕರೆದೊಯ್ಯುವುದು ಬಸ್ಸು ಹತ್ತುವಾಗ, ಇಳಿಯುವಾಗ ತಲೆ ಎಣಿಸುವುದಕ್ಕೆ. ಆ ಕೆಲಸವನ್ನು ನಾನು ಶ್ರದ್ಧೆಯಿಂದಲೇ ಮಾಡುತ್ತೇನೆ. ಆದ್ದರಿಂದ ಪ್ರವಾಸದ ಏರ್ಪಾಡಿನ ಬಗ್ಗೆ ಮಾತನಾಡುವ ಅಧಿಕಾರ ನನಗಿಲ್ಲ; ಆದರೂ ಮಾತನಾಡುತ್ತೇನೆ.

ಮಕ್ಕಳ ಕೈಯಲ್ಲಿದ್ದ ಪ್ರಶ್ನೆಪತ್ರಿಕೆ ಚೆನ್ನಾಗಿಯೇ ಇತ್ತು. ವಾಟ್ ಮಹಾಥಾಟ್ ದೇವಾಲಯದಲ್ಲಿ ಮರದ ಬೇರುಗಳ ನಡುವೆ ಸಿಕ್ಕಿಕೊಂಡಿರುವ ಬುದ್ಧನ ಶಿರಸ್ಸಿನ ಮುಂದೆ ಅದಕ್ಕಿಂತ ಎತ್ತರದಲ್ಲಿ ನಿಲ್ಲಬಾರದೆಂದು ಮಕ್ಕಳು ಕುಕ್ಕರಗಾಲಿನಲ್ಲಿ ಕುಳಿತು ಫೋಟೋ ತೆಗೆದುಕೊಂಡರು, 1767ರಲ್ಲಿ ಬರ್ಮಾದ ಸೈನ್ಯ ಊರನ್ನು ಸುಟ್ಟದ್ದನ್ನು ಬರೆದುಕೊಂಡರು, ಚೀನೀಯರು, ಪರ್ಷಿಯನ್ನರು, ಜಪಾನೀಯರು, ಡಚ್ಚರು ಇಲ್ಲಿ ನೆಲೆಸಿದ್ದನ್ನು ನಕ್ಷೆಯಲ್ಲಿ ಗುರುತಿಸಿದರು. 1511ರಲ್ಲಿ ಬಂದ ಪೋರ್ಚುಗೀಸರು ಈ ದೇಶಕ್ಕೆ ಏನನ್ನು ತಂದರು ಎಂಬ ಪ್ರಶ್ನೆಗೆ ಬಹುತೇಕ ಎಲ್ಲರೂ ಬಂದೂಕು ಎಂದು ಬರೆದರು. ಸರಿಯಾದ ಉತ್ತರವೇ. ಆದರೆ ಆ ಪ್ರಶ್ನೆಯ ಇನ್ನೊಂದು ಉತ್ತರವನ್ನು ಇಲ್ಲಿನ ಸಿಹಿತಿಂಡಿಯ ಅಂಗಡಿಗಳು ತಟ್ಟೆಯಲ್ಲಿಟ್ಟು ಮಾರುತ್ತವೆ: ಮೊಟ್ಟೆಯ ಹಳದಿಯನ್ನು ಕುದಿಯುವ ಸಕ್ಕರೆ ಪಾಕಕ್ಕೆ ಎಳೆಎಳೆಯಾಗಿ ಬಿಟ್ಟು ತೆಗೆಯುವ ಫೋಯ್ ಥೋಂಗ್. ನಾರಾಯ್ ದೊರೆಯ ಕಾಲದಲ್ಲಿ ಮಂತ್ರಿಪದವಿಗೇರಿದ್ದ ಗ್ರೀಕ್ ಸಾಹಸಿ ಕಾನ್‌ಸ್ಟಂಟೈನ್ ಫಾಲ್ಕನ್ ಎಂಬವನ ಹೆಂಡತಿ, ಜಪಾನೀ ಮತ್ತು ಪೋರ್ಚುಗೀಸ್ ಮೂಲದ ಮರಿಯಾ ಗುಯೊಮಾರ್, ಇಂಥ ತಿಂಡಿಗಳನ್ನು ಸಿಯಾಮಿನ (ಥಾಯ್ಲೆಂಡಿನ ಹಳೆಯ ಹೆಸರು) ಅಡುಗೆಮನೆಗೆ ತಂದಳೆಂದು ಇಲ್ಲಿನವರು ಹೇಳುತ್ತಾರೆ. 1688ರಲ್ಲಿ ಗಂಡನ ತಲೆ ಹೋಯಿತು. ಹೆಂಡತಿಯ ಹೆಸರಿಗೆ ತಳುಕು ಹಾಕಿಕೊಂಡ ಸಿಹಿ ಇವತ್ತಿಗೂ ಮದುವೆಮನೆಗಳಲ್ಲಿ ಬಡಿಸಿಕೊಳ್ಳುತ್ತಿದೆ. ಇದಕ್ಕಿಂತ ಒಳ್ಳೆಯ ಇತಿಹಾಸದ ಪಾಠವನ್ನು ಯಾವ ಪಠ್ಯಪುಸ್ತಕ ಕೊಟ್ಟೀತು? ನಮ್ಮ ಮಕ್ಕಳು ಬಂದೂಕು ಎಂದು ಬರೆದು, ಹಾಳೆಯನ್ನು ಮಡಿಸಿ, ಚಿಪ್ಸ್ ಪೊಟ್ಟಣ ಒಡೆದರು.

ಅಯುತ್ಥಾಯದ ಹೆಸರು ಹೇಳಿದರೆ ಥಾಯ್ ಜನರಿಗೆ ದೇವಾಲಯಗಳ ಜೊತೆಗೇ ನೆನಪಾಗುವುದು ರೋಟಿ ಸಾಯ್ ಮಾಯ್. ತೆಳ್ಳನೆಯ ಪುಟ್ಟ ರೊಟ್ಟಿ, ಅದರೊಳಗೆ ಬಣ್ಣಬಣ್ಣದ ಸಕ್ಕರೆಯ ಎಳೆ. ನಾವೇ ಸುರುಳಿ ಸುತ್ತಿ ತಿನ್ನಬೇಕು. ಇದನ್ನು ಮಾಡಿ ಮಾರುವ ಅಂಗಡಿಗಳಲ್ಲಿ ಹೆಚ್ಚಿನವು ಇಲ್ಲಿನ ಮುಸ್ಲಿಂ ಕುಟುಂಬಗಳವು. ಆಸ್ಪತ್ರೆಯ ಎದುರಿನ ರಸ್ತೆಯಲ್ಲಿ ಸಾಲಾಗಿ ನಿಂತಿವೆ. ನಮ್ಮ ಬಸ್ಸು ಆ ರಸ್ತೆಯಲ್ಲೇ ಹಾದುಹೋಯಿತು. ಕಿಟಕಿಗೆ ಮೂಗು ಒತ್ತಿದ ಮಕ್ಕಳನ್ನು ನೋಡಿ, ಹತ್ತು ನಿಮಿಷ ನಿಲ್ಲಿಸಬಹುದೇ ಎಂದು ಪ್ರವಾಸದ ಉಸ್ತುವಾರಿಯ ಸಹೋದ್ಯೋಗಿಯನ್ನು ಕೇಳಿದೆ. ಸಕ್ಕರೆ ಹೆಚ್ಚಾಗುತ್ತದೆ ಎಂದರು. ಅವರ ಮಡಿಲಲ್ಲಿ ಹಂಚಿ ಉಳಿದ ಚಾಕೊಲೇಟ್ ಬಿಸ್ಕತ್ತಿನ ಪೊಟ್ಟಣಗಳಿದ್ದವು. ನಾನು ಕಿಟಕಿಯ ಹೊರಗೆ ನೋಡಿದೆ.

ಈ ಪುಟದಲ್ಲಿ ಹಾಕುವ ತಿಂಡಿಯ ಚಿತ್ರಗಳಿಗಾಗಿ ನಿಮ್ಮಿಂದ ಸಾಕಷ್ಟು ಮಾತು ಕೇಳಿಸಿಕೊಂಡವನು ನಾನು, ಹಾಗಾಗಿ ಇದು ಹೊಟ್ಟೆಬಾಕನ ಗೋಳೆಂದು ನೀವು ನಗುವುದು ಸಹಜ. ನಗಿ. ಆದರೆ ಈ ದೇಶದ ಬಗ್ಗೆ ನನಗೆ ತಿಳಿದಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಕಲಿತದ್ದು. ಶನಿವಾರದ ಸಂಜೆ ಸಮುತ್ ಸೋಂಗ್‌ಖ್ರಾಮ್ ಪ್ರಾಂತದ ಅಂಫವಾ ಸಂತೆಗೆ ಹೋದರೆ, ಕಾಲುವೆಯ ದಂಡೆಗೆ ಕಟ್ಟಿದ ದೋಣಿಗಳಲ್ಲಿ ಸಿಗಡಿಯನ್ನೂ ಕಪ್ಪೆಬೊಂಡಾಸನ್ನೂ ಕೆಂಡದ ಮೇಲೆ ಸುಟ್ಟು ಮೆಟ್ಟಿಲ ಮೇಲೆ ಕುಳಿತವರ ಕೈಗೆ ದಾಟಿಸುತ್ತಾರೆ. ಪಕ್ಕದ ಮೇ ಖ್ಲೋಂಗ್ ಪೇಟೆಯಲ್ಲಿ ರೈಲು ಬಂದಾಗ ತರಕಾರಿಯವರು ನೆರಳಿನ ಬಟ್ಟೆಯನ್ನು ಮಡಚಿ ದಾರಿ ಬಿಡುವುದನ್ನು ನೀವೆಲ್ಲ ವಿಡಿಯೋದಲ್ಲಿ ನೋಡಿದ್ದೀರಿ. ವಿಡಿಯೋ ಮಾಡುವವರು ಸಾಮಾನ್ಯವಾಗಿ ನೋಡದೆ ಹೋಗುವುದು ಅಲ್ಲಿಯ ಪ್ಲಾ ಥು ಮೀನನ್ನು. ನಮ್ಮ ಬಂಗುಡೆಯ ಹತ್ತಿರದ ನಂಟ. ಪುಟ್ಟ ಬಿದಿರ ತಟ್ಟೆಯಲ್ಲಿ ಹಿಡಿಯಲೆಂದು ಕುತ್ತಿಗೆ ಬಗ್ಗಿಸಿ ಬೇಯಿಸಿಟ್ಟಿರುತ್ತಾರೆ. ಕುಂದಾಪುರದ ಕಡೆಯವನಿಗೆ ಅದನ್ನು ಕಂಡಾಗ ಏನನ್ನಿಸುತ್ತದೆ ಎಂಬುದನ್ನು ಕರಾವಳಿಯ ಸ್ನೇಹಿತರಿಗೆ ವಿವರಿಸಬೇಕಿಲ್ಲ. ಘಟ್ಟದ ಮೇಲಿನವರಿಗೆ ವಿವರಿಸಿ ಪ್ರಯೋಜನವಿಲ್ಲ. ಅಲ್ಲೇ ಪಕ್ಕದಲ್ಲಿ ಗುಳಿಯಪ್ಪದ ಕಾವಲಿಯಂಥದ್ದೇ ಕಾವಲಿಯಲ್ಲಿ ಅಕ್ಕಿಹಿಟ್ಟು ಮತ್ತು ತೆಂಗಿನಹಾಲು ಹೊಯ್ದು ಖನೋಮ್ ಖ್ರೋಕ್ ಮಾಡುತ್ತಾರೆ, ಮೇಲೆ ಈರುಳ್ಳಿ ಸೊಪ್ಪು ಅಥವಾ ಮೆಕ್ಕೆಜೋಳದ ಕಾಳು.

ಇನ್ನು ಸೋಮ್ ತಾಮ್. ಪರಂಗಿಕಾಯಿಯ ತುರಿಯನ್ನು ಮೆಣಸಿನಕಾಯಿ, ಶೇಂಗಾ, ಟೊಮೆಟೊಗಳ ಜೊತೆ ಒರಳಿನಲ್ಲಿ ಜಜ್ಜಿ ಕೊಡುವ ಈ ತಿನಿಸನ್ನು ಥಾಯ್ಲೆಂಡಿನ ಗುರುತೆಂದೇ ಜಗತ್ತು ತಿಳಿದಿದೆ. ನಾನು ಈಗ ಹೇಳಿದ ನಾಲ್ಕೂ ಸಾಮಗ್ರಿಗಳ ತವರು ಅಮೆರಿಕ ಖಂಡ. ಆ ಒರಳಿನ ಮುಂದೆ ಐದು ನಿಮಿಷ ನಿಲ್ಲಿಸಿ ಇಷ್ಟನ್ನು ಹೇಳಿದ್ದರೆ, ಹಡಗುಗಳು, ವ್ಯಾಪಾರ, ವಸಾಹತು ಎಂದು ನಕ್ಷೆಯ ಮೇಲೆ ಬಾಣ ಎಳೆಸುವುದಕ್ಕಿಂತ ಹೆಚ್ಚು ಮಕ್ಕಳ ತಲೆಯಲ್ಲಿ ಉಳಿಯುತ್ತಿತ್ತು. ಹಾಗೆ ನಿಲ್ಲಿಸುವುದಕ್ಕೆ ನಮಗೆ ಸಮಯವಿರಲಿಲ್ಲ. ಡಬ್ಬಿ ಹಂಚಿ, ಖಾಲಿ ಡಬ್ಬಿ ಆಯ್ದು, ಎರಡು ಚೀಲಗಳಲ್ಲಿ ಕಸ ವಿಂಗಡಿಸುವುದಕ್ಕೆ ಮುಕ್ಕಾಲು ಗಂಟೆ ಇತ್ತು.

ಸುರಕ್ಷತೆಯ ಮಾತು ಬರುತ್ತದೆಂದು ಗೊತ್ತಿದೆ. ಈ ದೇಶದಲ್ಲಿ ಶಾಲಾ ಪ್ರವಾಸದ ಸುರಕ್ಷತೆಯನ್ನು ಯಾರೂ ಹಗುರವಾಗಿ ಮಾತನಾಡುವಂತಿಲ್ಲ. 2024ರ ಅಕ್ಟೋಬರ್ 1ರಂದು ಉಥಾಯ್ ಥಾನಿ ಪ್ರಾಂತದ ಶಾಲೆಯೊಂದರ ಮಕ್ಕಳನ್ನು ಕರೆತರುತ್ತಿದ್ದ ಬಸ್ಸು ಬ್ಯಾಂಕಾಕಿನ ಅಂಚಿನಲ್ಲಿ ಹೊತ್ತಿಕೊಂಡು ಉರಿದು ಮಕ್ಕಳು, ಶಿಕ್ಷಕರು ಸೇರಿ 23 ಜನ ತೀರಿಕೊಂಡರು. ಆ ಮಕ್ಕಳೂ ಅಯುತ್ಥಾಯ ನೋಡಲು ಹೊರಟವರೇ. ಬಸ್ಸಿನಲ್ಲಿ ಅನುಮತಿಗಿಂತ ಹೆಚ್ಚು ಗ್ಯಾಸ್ ಸಿಲಿಂಡರುಗಳಿದ್ದವೆಂದು ತನಿಖೆಯಲ್ಲಿ ಹೊರಬಿತ್ತು. ಆ ದಿನದ ನಂತರ ಬಸ್ಸು ಹತ್ತುವ ಮೊದಲು ತುರ್ತು ಬಾಗಿಲನ್ನು ನಾನೇ ತೆರೆದು ನೋಡುತ್ತೇನೆ, ಚಾಲಕರು ಬೇಸರಿಸಿಕೊಂಡರೂ ಸರಿ. ಆದರೆ ನನ್ನ ಪ್ರಶ್ನೆ ಇಷ್ಟೇ: ಆ ದುರಂತದಿಂದ ಶಾಲೆಗಳು ಕಲಿಯಬೇಕಾದ ಪಾಠ ಬಸ್ಸಿನದ್ದೋ, ನೂಡಲ್ ಬಟ್ಟಲಿನದ್ದೋ? ಬಸ್ಸಿನ ತಪಾಸಣಾ ಪತ್ರವನ್ನು ಒಂದು ಪುಟದಲ್ಲಿ ಮುಗಿಸಿ ಊಟದ ಅಪಾಯಗಳಿಗೆ ಮೂರು ಪುಟ ಬರೆದ ನಮೂನೆಯೊಂದಕ್ಕೆ ನಾನು ಮೊನ್ನೆ ಸಹಿ ಹಾಕಬೇಕಾಯಿತು.

ಮೊಟ್ಟೆ ಮತ್ತು ಮೇಯನೇಸ್ ತುಂಬಿದ ಸ್ಯಾಂಡ್‌ವಿಚ್ಚನ್ನು ನಸುಕಿನಲ್ಲಿ ಕಟ್ಟಿ, ಬಸ್ಸಿನ ಹೊಟ್ಟೆಯಲ್ಲಿ ಮಧ್ಯಾಹ್ನದ ತನಕ ಇಟ್ಟು ಕೊಡುವುದು ಸುರಕ್ಷಿತ. ಕಣ್ಣೆದುರಿಗೆ ಕೊತಕೊತ ಕುದಿಯುವ ಸಾರಿನಿಂದ ತೆಗೆದ ನೂಡಲ್ಸ್ ಅಪಾಯಕಾರಿ. ಈ ತರ್ಕ ನನ್ನ ಗಣಿತಕ್ಕೆ ನಿಲುಕುವುದಿಲ್ಲ. ಆರೋಗ್ಯ ಇಲಾಖೆಯ 'ಕ್ಲೀನ್ ಫುಡ್ ಗುಡ್ ಟೇಸ್ಟ್' ಫಲಕ ತೂಗುಹಾಕಿದ ಅಂಗಡಿಗಳು ಈ ದೇಶದಲ್ಲಿ ಊರೂರಲ್ಲಿವೆ. ಶೇಂಗಾ, ಸಿಗಡಿ ಒಗ್ಗದ ಮಕ್ಕಳಿದ್ದಾರೆ, ನಿಜ, ಅದು ಪ್ರಾಣಕ್ಕೆ ಸಂಬಂಧಿಸಿದ ವಿಷಯ. ಆದರೆ ಆ ಮಕ್ಕಳ ಹೆಸರಿನ ಪಟ್ಟಿ ಶಾಲೆಯ ಕ್ಯಾಂಟೀನಿನ ಗೋಡೆಯ ಮೇಲೆ ವರ್ಷವಿಡೀ ಇರುತ್ತದೆ, ದಿನವೂ ಅದನ್ನು ನೋಡಿಕೊಂಡೇ ಬಡಿಸುತ್ತಾರೆ. ಅದೇ ಪಟ್ಟಿಯನ್ನು ಬಸ್ಸಿಗೆ ಹತ್ತಿಸುವುದು ಅಷ್ಟು ಕಷ್ಟವೇ?

ನಮ್ಮವರ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಡಬ್ಬಿಯ ಅತಿ ದೊಡ್ಡ ಅಭಿಮಾನಿಗಳು ನಮ್ಮ ಭಾರತೀಯ ಪೋಷಕರೇ. ಸಸ್ಯಾಹಾರಿ ಮಕ್ಕಳಿಗೆ ಚೀಸ್ ಸ್ಯಾಂಡ್‌ವಿಚ್ ಸಿಕ್ಕರೆ ಅವರಿಗೆ ನೆಮ್ಮದಿ. ಥಾಯ್ ಅಡುಗೆಯಲ್ಲಿ ಮೀನಿನ ಸಾಸ್ ಎಲ್ಲೆಲ್ಲೂ ಇರುತ್ತದೆ, ದೋಣಿ ನೂಡಲ್ಸಿನ ಸಾರಿಗೆ ರಕ್ತವನ್ನೂ ಬೆರೆಸುತ್ತಾರೆ. ಇದನ್ನು ನಾನು ಮುಚ್ಚಿಡುವುದಿಲ್ಲ, ಅಂಥದ್ದನ್ನು ಸಸ್ಯಾಹಾರಿ ಮಗುವಿಗೆ ತಿನ್ನಿಸಬೇಕೆಂದೂ ಹೇಳುವುದಿಲ್ಲ. ಆದರೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಬರೆದ 'ಜೇ' ಅಂಗಡಿಗಳಲ್ಲಿ ಮಾಂಸ, ಮೀನು ಹಾಗಿರಲಿ, ಬೆಳ್ಳುಳ್ಳಿ, ಈರುಳ್ಳಿಯನ್ನೂ ಹಾಕುವುದಿಲ್ಲ. ನಮ್ಮ ಮಠದ ಊಟದ ಮಡಿಗೆ ಹತ್ತಿರದ ಮಡಿ ಅದು. ಹಲವು ವರ್ಷ ಇಲ್ಲಿದ್ದೂ ಆ ಹಳದಿ ಬಾವುಟ ಯಾಕೆಂದು ಕೇಳದ ಪೋಷಕರು ನನಗೆ ಗೊತ್ತು. ಅವರ ತಟ್ಟೆಯ ಚೀಸಿನಲ್ಲಿ ಕರುವಿನ ಜಠರದಿಂದ ತೆಗೆದ ರೆನೆಟ್ ಇರಬಹುದೆಂದು ಒಮ್ಮೆ ಬಾಯಿತಪ್ಪಿ ಹೇಳಿದ ಮೇಲೆ ನನ್ನನ್ನು ಊಟಕ್ಕೆ ಕರೆಯುವವರು ಕಡಿಮೆಯಾಗಿದ್ದಾರೆ.

ನಿನ್ನೆ ರಾತ್ರಿ ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, "ನೀವೂ ಶಾಲೆಯ ಪ್ರವಾಸಕ್ಕೆ ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ ತೆಗೆದುಕೊಂಡು ಹೋದವರೇ ಅಲ್ಲವೇ?" ಎಂದಳು. ಹೌದು, ಬೇಲೂರು, ಹಳೇಬೀಡಿಗೆ ಹೋದಾಗ ಬುತ್ತಿ ಒಯ್ದಿದ್ದೆವು. ಹೋಟೆಲಿನಲ್ಲಿ ಇಡೀ ತರಗತಿಗೆ ಊಟ ಹಾಕಿಸುವ ದುಡ್ಡು ಆ ಶಾಲೆಗೆ ಇರಲಿಲ್ಲ, ಊರಿನ ಅನ್ನ ವಿಷವೆಂಬ ಭಯದಿಂದಲ್ಲ. ಅಷ್ಟಿದ್ದರೂ ಗುಡಿಯ ಹೊರಗೆ ಉಪ್ಪುಖಾರ ಸವರಿದ ಸೌತೆಕಾಯಿ, ನೆಲ್ಲಿಕಾಯಿ ಕೊಳ್ಳಲು ಮೇಷ್ಟ್ರೇ ಅರ್ಧ ಗಂಟೆ ಬಿಟ್ಟಿದ್ದರು. ನಿನ್ನೆ ಅಯುತ್ಥಾಯದ ಗುಡಿಯ ಹೊರಗೆ ಉಪ್ಪು, ಸಕ್ಕರೆ, ಖಾರದ ಪುಡಿಯ ಜೊತೆ ಮಾವಿನಕಾಯಿ, ಸೀಬೆಕಾಯಿ ಮಾರುವ ಗಾಡಿ ನಿಂತಿತ್ತು. ನಮ್ಮ ಮಕ್ಕಳನ್ನು ಆ ಗಾಡಿಯ ಮುಂದೆಯೇ ಸಾಲಾಗಿ ನಡೆಸಿಕೊಂಡು ಹೋದೆವು, ಸಾಲು ತಪ್ಪದಂತೆ ನೋಡಿಕೊಂಡವನು ನಾನೇ.

ಅವರಲ್ಲಿ ಅರ್ಧದಷ್ಟು ಮಕ್ಕಳು ಥಾಯ್ ಮಕ್ಕಳು ಎಂಬುದನ್ನು ಮರೆಯಬೇಡಿ. ಅಜ್ಜಿಮನೆಯಲ್ಲಿ ದಿನವೂ ತಿನ್ನುವುದನ್ನೇ ಶಾಲೆಯ ಸಮವಸ್ತ್ರ ತೊಟ್ಟ ದಿನ ಅಪಾಯದ ಪಟ್ಟಿಯಲ್ಲಿ ಓದುವ ಮಗು ತನ್ನ ಅಜ್ಜಿಯ ಬಗ್ಗೆ ಏನೆಂದುಕೊಳ್ಳಬೇಕು? ನಾವು ವಿದೇಶಿ ಮೇಷ್ಟ್ರುಗಳು ಕೆಲಸದ ಪರವಾನಗಿ ಹಿಡಿದು ಅವರ ದೇಶಕ್ಕೆ ಬಂದವರು, ತೊಂಬತ್ತು ದಿನಕ್ಕೊಮ್ಮೆ ಇಲ್ಲಿದ್ದೇವೆಂದು ವಲಸೆ ಕಚೇರಿಗೆ ವರದಿ ಕೊಡುವವರು; ಅವರ ಊಟ ಅವರ ಮಕ್ಕಳಿಗೆ ಆಗದು ಎಂದು ತೀರ್ಮಾನಿಸುವವರೂ ನಾವೇ. ಅತ್ತ ಬಸ್ಸಿನ ಚಾಲಕರೂ ಥಾಯ್ ಸಹಾಯಕಿಯರೂ ಮರದ ಕೆಳಗೆ ಚಾಪೆ ಹಾಸಿ ಸುಟ್ಟ ಕೋಳಿ, ಅಂಟು ಅನ್ನ, ಸೋಮ್ ತಾಮ್ ಹಂಚಿಕೊಂಡು ನಗುತ್ತ ತಿನ್ನುತ್ತಿದ್ದರು. "ಖ್ರೂ (ಮೇಷ್ಟ್ರೇ), ಬನ್ನಿ, ಊಟ ಮಾಡಿ" ಎಂದು ಕರೆದರು. ಹೋಗಿ ಕುಳಿತೆ. ಮಕ್ಕಳು ದೂರದಿಂದ ನೋಡುತ್ತಿದ್ದರು, ಉಸ್ತುವಾರಿಯವರೂ ನೋಡುತ್ತಿದ್ದರು.

ಈಗ ಒಂದು ಮಾತು ಹೇಳಿಬಿಡುತ್ತೇನೆ, ಬೇರೆಯವರಿಂದ ತಿಳಿಯುವುದಕ್ಕಿಂತ ನಾನೇ ಹೇಳುವುದು ವಾಸಿ. ನನ್ನ ಮಗಳೂ ಆ ತರಗತಿಯಲ್ಲೇ ಇದ್ದಾಳೆ. ಅವಳಿಗೆ ಡಬ್ಬಿ ಬಹಳ ಇಷ್ಟವಾಯಿತು. ಗೆಳತಿಯ ಬಿಸ್ಕತ್ತನ್ನೂ ಕೇಳಿ ತಿಂದು, "ಅಪ್ಪಾ, ಮುಂದಿನ ಸಲವೂ ಇದನ್ನೇ ಕೊಡುತ್ತಾರಾ?" ಎಂದು ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ವಿಚಾರಿಸಿದಳು. ಸಹೋದ್ಯೋಗಿಗಳ ಮುಖದಲ್ಲಿ ಆಗ ಮೂಡಿದ ನಗುವನ್ನು ನಾನು ಸದ್ಯಕ್ಕೆ ಮರೆಯಲಾರೆ. ಮಕ್ಕಳಿಗೆ ಇಷ್ಟವಾಗುತ್ತದಲ್ಲ ಎಂಬ ವಾದವನ್ನು ಅದರ ನಂತರ ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಆಗಲಿ. ಭಿನ್ನರಾಶಿಯ ಗುಣಾಕಾರವನ್ನು ಕಲಿಸುವ ಮೊದಲು ಇಷ್ಟವೇ ಎಂದು ನಾನು ಯಾವ ಮಗುವನ್ನೂ ಕೇಳಿಲ್ಲ, ನನ್ನ ಮಗಳನ್ನಂತೂ ಕೇಳಿಯೇ ಇಲ್ಲ.

ಮುಂದಿನ ಪ್ರವಾಸ ಸಮುತ್ ಸೋಂಗ್‌ಖ್ರಾಮ್‌ಗೆ, ಉಪ್ಪಿನ ಗದ್ದೆಗಳನ್ನು ನೋಡಲು. ಯಾವ ಅಂಗಡಿಯಲ್ಲಿ ಜೇ ಊಟ ಸಿಗುತ್ತದೆ, ಯಾವುದು ಹಲಾಲ್, ಎಲ್ಲಿ ಶೇಂಗಾ ಬಳಸುವುದಿಲ್ಲ, ಕೈತೊಳೆಯುವ ನೀರು ಎಲ್ಲಿದೆ ಎಂದೆಲ್ಲ ಬರೆದು, ಹಿಂದಿನ ವಾರವೇ ನಾನು ಹೋಗಿ ನೋಡಿ ಬರುತ್ತೇನೆಂದೂ ಸೇರಿಸಿ ಇವತ್ತು ಬೆಳಿಗ್ಗೆ ಮಿಂಚಂಚೆ ಕಳಿಸಿದ್ದೇನೆ. ಬಂದ ಉತ್ತರ ಬಹಳ ಸಭ್ಯವಾಗಿದೆ: ಸಲಹೆ ಸ್ವಾಗತಾರ್ಹ, ಆದರೆ ಪೋಷಕರಿಂದ ಇಂಥ ಬೇಡಿಕೆ ಈವರೆಗೆ ಬಂದಿಲ್ಲ. ಹಾಗಾಗಿ ಬ್ಯಾಂಕಾಕಿನಲ್ಲಿರುವ, ಮಕ್ಕಳನ್ನು ನಮ್ಮಂಥ ಶಾಲೆಗಳಿಗೆ ಕಳಿಸುತ್ತಿರುವ ಸ್ನೇಹಿತರು ಈ ಬರಹಕ್ಕೆ ಹೃದಯದ ಚಿಹ್ನೆ ಒತ್ತುವ ಶ್ರಮ ತೆಗೆದುಕೊಳ್ಳಬೇಡಿ. ನಿಮ್ಮ ಶಾಲೆಯ ಅನುಮತಿ ಪತ್ರ ಮನೆಗೆ ಬಂದಾಗ ಊಟದ ಕಾಲಮ್ಮಿನ ಪಕ್ಕದಲ್ಲಿ, ಡಬ್ಬಿಯ ಬದಲು ಹೋದ ಊರಿನ ಊಟ ಕೊಡಿಸಿ ಎಂದು ಎರಡು ಸಾಲಿನಲ್ಲಿ ಬರೆದು, ಸಹಿ ಹಾಕಿ ಕಳಿಸಿ.